ನಿನ್ನ ಕೈ ಸುಟ್ಟದ್ದು ನಿನ್ನಮ್ಮನಲ್ಲ

ಗಿರಿಜಾ, ನಿನ್ನ ಎಡಗೈ ಸುಟ್ಟದ್ದು ನಿನ್ನಮ್ಮನಲ್ಲ. ಅದು ಸುಟ್ಟದ್ದು ನ್ಯಾಮತಿಯಲ್ಲಿ, ನನ್ನ ಮನೆಯಲ್ಲಿ, ನನ್ನ ಇಸ್ತ್ರಿಪೆಟ್ಟಿಗೆಯಿಂದ. ಅದನ್ನು ನಿನ್ನಮ್ಮನ ತಲೆಗೆ ಕಟ್ಟಿದವಳು ನಾನು. ಕೋರ್ಟಿನಲ್ಲಿ ಹಾಗೆಂದು ಪ್ರಮಾಣ ಮಾಡಿ ಹೇಳಿದವಳು ನಾನು. ನಿನ್ನ ಬಾಯಿಂದಲೂ ಅದನ್ನೇ ಹೇಳಿಸಿದವಳು — ಅದೂ ನಾನೇ, ನಿನ್ನ ಸೋದರತ್ತೆ.

ಇದನ್ನು ಎದುರಿಗೇ ಹೇಳಬೇಕೆಂದು ಎಷ್ಟೋ ಸಲ ಕುಳಿತೆ. 'ನಿನ್ನಮ್ಮನ ವಿಷಯ ಸ್ವಲ್ಪ —' ಎಂದು ಶುರು ಮಾಡಿದರೆ ಸಾಕು, 'ಆಯಮ್ಮನ ಸುದ್ದಿ ಈ ಮನೇಲಿ ಯಾಕತ್ತೆ?' ಎಂದು ನೀನು ಎದ್ದು ಹೋಗುತ್ತೀಯ. ನನಗೆ ರೇಗುತ್ತದೆ. ಆದರೆ ಹಾಗೆ ಎದ್ದು ಹೋಗುವುದನ್ನು ನಿನಗೆ ಕಲಿಸಿದವಳೂ ನಾನೇ ಅಲ್ಲವೇ — ಈಗ ಯಾರ ಮೇಲೆ ರೇಗಲಿ? ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯವರೆಗೂ ಓದು.

ನಿನಗೆ ಗೊತ್ತಿರುವುದು ನಾನು ಕಟ್ಟಿಕೊಟ್ಟ ಕಥೆ. ತಾಯಿ ಸಿಡುಕಿನವಳು, ಮಗುವನ್ನು ಸುಟ್ಟಳು, ಆಮೇಲೆ ತನ್ನ ದಾರಿ ತಾನು ನೋಡಿಕೊಂಡಳು ಎಂದು. ನಡೆದದ್ದು ಬೇರೆ.

ನಿನ್ನಮ್ಮ ಕೊಟ್ರಮ್ಮ ಜಗಳೂರಿನಿಂದ ಸೊಸೆಯಾಗಿ ಹೊನ್ನಾಳಿಗೆ ಬಂದವಳು. ನನ್ನ ತಮ್ಮ ಮಹೇಶ, ಅಂದರೆ ನಿನ್ನಪ್ಪ, ಆಗಷ್ಟೇ ಪಂಪ್‌ಸೆಟ್ಟಿನ ಅಂಗಡಿ ಇಟ್ಟಿದ್ದ. ಅವಳು ತವರಿನಿಂದ ತಂದದ್ದು ಒಂದು ಹೊಲಿಗೆ ಯಂತ್ರ ಮತ್ತು ದೊಡ್ಡ ನಗು. ಗಂಡಸರು ಕುಳಿತಿದ್ದರೂ ಗಟ್ಟಿಯಾಗಿ ನಗುತ್ತಿದ್ದಳು. ನಮ್ಮ ಅವ್ವನಿಗೆ ಅದು ಹಿಡಿಸುತ್ತಿರಲಿಲ್ಲ. ನನಗೆ — ಹಿಡಿಸುತ್ತಿತ್ತು, ಆದರೆ ಬಾಯಿ ಬಿಟ್ಟು ಹೇಳಲಿಲ್ಲ.

ನಿನ್ನ ಹೆರಿಗೆ ಕಷ್ಟವಾಯಿತು. ಅವಳ ಜೀವ ಉಳಿಸಬೇಕಾದರೆ ಗರ್ಭಕೋಶ ತೆಗೆಯಬೇಕೆಂದರು, ತೆಗೆದರು. ಇನ್ನು ಮಕ್ಕಳಾಗುವುದಿಲ್ಲ ಎಂದು ತಿಳಿದ ದಿನದಿಂದ ಮಹೇಶನ ಮುಖ ಬದಲಾಯಿತು. ನೀನು ಅಂಗಳದಲ್ಲಿ ಓಡಾಡಿಕೊಂಡಿದ್ದ ಕಾಲಕ್ಕೆ ಅವನು ಸವಳಂಗದ ಕಡೆಯ ಒಂದು ಗುಡಿಯಲ್ಲಿ ಇನ್ನೊಬ್ಬಳಿಗೆ ತಾಳಿ ಕಟ್ಟಿ ಬಂದ. ಅವಳೇ ನಿನ್ನ ಚಿಕ್ಕಮ್ಮ. ಹೆಂಡತಿ ಬದುಕಿರುವಾಗ ಅದು ಮದುವೆಯೇ ಅಲ್ಲ ಎಂದು ಕಾನೂನು ಹೇಳುತ್ತದೆ. ನಮ್ಮ ನೆಂಟರೆಲ್ಲ ಹೋಳಿಗೆ ಊಟ ಮಾಡಿ ಎಲೆಯಡಿಕೆ ಹಾಕಿಕೊಂಡು ಹೋದರು. ನಾನೂ ಉಂಡೆ. ಒಬ್ಬರಾದರೂ 'ಇದೇನಪ್ಪ ಮಹೇಶ' ಎಂದು ಕೇಳಬೇಕಿತ್ತು — ಒಬ್ಬರೂ ಕೇಳಲಿಲ್ಲ. ಕೇಳಿದವಳು ಕೊಟ್ರಮ್ಮ ಒಬ್ಬಳೇ.

"ಈಕೆ ಒಳಗೆ ಬಂದ್ರೆ ನಾನು ಹೊರಗೆ ಹೋಗ್ತೀನಿ. ಆಮೇಲೆ ಕರೆಯಾಕೆ ಬರಬ್ಯಾಡ್ರಿ," ಎಂದಳು. ಹೇಳಿದಂತೆಯೇ ನಿನ್ನನ್ನು ಸೊಂಟಕ್ಕೆ ಹಾಕಿಕೊಂಡು, ಹೊಲಿಗೆ ಯಂತ್ರವನ್ನು ಬಸ್ಸಿನ ಮೇಲೆ ಹಾಕಿಸಿ, ಜಗಳೂರಿಗೆ ಹೋಗಿಬಿಟ್ಟಳು.

ಅಲ್ಲಿಗೇ ಸುಮ್ಮನಾಗಿದ್ದರೆ ಎಲ್ಲರೂ 'ಪಾಪ' ಎನ್ನುತ್ತಿದ್ದರು. ಅವಳು ಸುಮ್ಮನಾಗಲಿಲ್ಲ. ಹೊನ್ನಾಳಿಯ ಕೋರ್ಟಿಗೆ ಬಂದು, ತನಗೂ ಮಗುವಿಗೂ ಗಂಡ ಜೀವನಾಂಶ ಕೊಡಬೇಕೆಂದು ಅರ್ಜಿ ಹಾಕಿದಳು. ಗಂಡ ಇನ್ನೊಬ್ಬಳನ್ನು ತಂದಿಟ್ಟುಕೊಂಡರೆ ಹೆಂಡತಿ ಬೇರೆ ಇರಬಹುದು, ಬೇರೆ ಇದ್ದರೂ ಅವನು ಸಾಕಬೇಕು — ಕೋರ್ಟು ಹಾಗೇ ಹೇಳಿತು. ಹೇಳಿದ್ದೇನೋ ಹೇಳಿತು, ಕೊಡಿಸುವುದು ಯಾರು? ಮಹೇಶ ಕೊಡಲಿಲ್ಲ. ಅವಳು ಮತ್ತೆ ಕೋರ್ಟಿಗೆ ಬಂದಳು. ಕೊನೆಗೊಂದು ದಿನ ಪೊಲೀಸು ಪೇದೆಯೊಬ್ಬ ವಾರಂಟು ಹಿಡಿದು, ಗಿರಾಕಿಗಳೆಲ್ಲ ನೋಡುತ್ತಿದ್ದಂತೆ ಅಂಗಡಿಯ ಮೆಟ್ಟಿಲು ಹತ್ತಿದ. ಮಹೇಶನಿಗೆ ಹುಚ್ಚು ಹಿಡಿದಂತಾಯಿತು. ಕೊಡುವುದಕ್ಕೆ ಅವನಿಗೆ ತೊಂದರೆ ಇರಲಿಲ್ಲ. ಹೆಂಡತಿ ಕೇಳಿ ತೆಗೆದುಕೊಳ್ಳುವುದು ಅವನಿಗೆ ಆಗದ ಮಾತಾಗಿತ್ತು.

ಅದಾದ ಮೇಲೆ ಅವನು ತನ್ನ ವಕೀಲರನ್ನು ಕರೆದುಕೊಂಡು ನ್ಯಾಮತಿಗೆ, ನನ್ನ ಮನೆಗೆ ಬಂದ. ನಾನಾಗ ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಡಂ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು, ಮಕ್ಕಳಿಲ್ಲ. ವಕೀಲರು ಉಪ್ಪಿಟ್ಟು ತಿನ್ನುತ್ತ ಕೇಳಿದರು:

"ಮಗೂಗೆ ಐದು ತುಂಬೈತೇನ್ರೀ?"

"ಮೊನ್ನೆ ತುಂಬ್ತು," ಎಂದ ಮಹೇಶ. ಅದೂ ನಾನು ನೆನಪು ಮಾಡಿದ ಮೇಲೆ.

"ಹಂಗಾದ್ರೆ ಆಯ್ತಲ್ಲ. ಐದರ ತನಕ ತಾಯಿ ಅಂತಾರೆ. ಆಮೇಲೆ ತಂದೇನೇ ಸಹಜ ಪಾಲಕ. ಮಗು ನಿಮ್ಮ ಮನೇಲಿ ಬಂದು ಕೂತಿರ್ಬೇಕು, ಅಷ್ಟೆ. ಮಗೂಗೆ ಅಂತ ಕೊಡೋದೂ ತಪ್ತೈತೆ. ಮಗು ಇತ್ಲಾಗೆ ಬಂದ್ರೆ ಆಕೆ ಕೇಸು ಗೀಸು ಎಲ್ಲ ಬಿಟ್ಟು ತಾನಾಗೇ ದಾರಿಗೆ ಬರ್ತಾಳೆ."

ಸಹಜ ಪಾಲಕ! ಆ ಮಾತನ್ನು ಇವತ್ತು ನೆನೆಸಿಕೊಂಡರೂ ಮೈ ಉರಿಯುತ್ತದೆ. ಮಗುವಿನ ಹುಟ್ಟಿದ ದಿನವೇ ನೆನಪಿಲ್ಲದವನು ಸಹಜ. ಜೀವ ಪಣಕ್ಕಿಟ್ಟು ಹೆತ್ತವಳು, ಮಗುವಿಗೆ ಐದು ತುಂಬಿದ ಮರುದಿನ ಬೆಳಿಗ್ಗೆ ಎದ್ದರೆ, ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲಬೇಕಾದವಳು. ಇವತ್ತು ಉರಿಯುತ್ತದೆ, ಸರಿ. ಅವತ್ತು ಉರಿಯಲಿಲ್ಲ. ಅವತ್ತು ನಾನು ಅವರಿಗೆ ಎರಡನೇ ಸಲ ಉಪ್ಪಿಟ್ಟು ಬಡಿಸಿದೆ.

"ಅಕ್ಕ ಹೋದ್ರೆ ಕಳಿಸ್ತಾಳೆ," ಎಂದ ಮಹೇಶ.

ನಾನು ಬೇಡವೆನ್ನಲಿಲ್ಲ. ತಮ್ಮನ ಮಾತು ಮೀರಲಾಗಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಮಹೇಶನಿಗೆ ಬೇಕಾಗಿದ್ದದ್ದು ಕೇಸು. ನನಗೆ ಬೇಕಾಗಿದ್ದದ್ದು ನೀನು. ದಿನವಿಡೀ ಬೇರೆಯವರ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿ, ಸಂಜೆ ಬೀಗ ತೆಗೆದು ಖಾಲಿ ಮನೆಗೆ ಕಾಲಿಡುವಾಗ — ಇರಲಿ. ಅದನ್ನು ವಿವರಿಸಿದರೆ ನೆಪವಾಗುತ್ತದೆ.

ಬೇಸಿಗೆ ರಜೆಯಲ್ಲಿ ಜಗಳೂರಿಗೆ ಹೋದೆ. ನಿನ್ನಮ್ಮ ತವರಿನ ಪಡಸಾಲೆಯಲ್ಲಿ ಯಂತ್ರ ಇಟ್ಟುಕೊಂಡು ರವಿಕೆ, ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದಳು. ಅವಳ ಅಣ್ಣ ಕುರಿ ಹೊಡೆದುಕೊಂಡು ಹೋಗಿದ್ದ. ನೀನು ಅಂಗಳದಲ್ಲಿ ಒಂದು ಮರಿಯ ಬಾಯಿಗೆ ಶೇಂಗಾ ಬಳ್ಳಿ ತುರುಕುತ್ತ ಅದನ್ನು ಬೈಯುತ್ತಿದ್ದೆ. ರಜೆಗೆ ಮಗುವನ್ನು ಕರೆದುಕೊಂಡು ಹೋಗುತ್ತೇನೆ ಎಂದಾಗ ಅವಳು ಯಂತ್ರ ನಿಲ್ಲಿಸಿ ನಿನ್ನನ್ನು ಹತ್ತಿರ ಕರೆದಳು. ಆಮೇಲೆ ನಿನ್ನ ತಲೆ ಬಾಚಿ ಎರಡು ಜಡೆ ಹಾಕಿದಳು.

"ನಿಮ್ಮ ತಮ್ಮ ಬಂದಿದ್ರೆ ಕಳಿಸ್ತಿರ್ಲಿಲ್ಲ ಅಕ್ಕ. ನೀವು ಬಂದೀರಿ ಅಂತ ಕಳಿಸ್ತಿದೀನಿ. ಸ್ಕೂಲು ಸುರುವಾಗೋ ಹೊತ್ತಿಗೆ ಬಿಟ್ಟು ಹೋಗ್ರಿ. ಒಬ್ಳೇ ಮಲಗಲ್ಲ ಇವ್ಳು — ಮೈಮೇಲೆ ಒಂದು ಕೈ ಇಟ್ಕೊಂಡು ಮಲಗಿಸ್ರಿ."

"ಆಯ್ತು ಕೊಟ್ರಮ್ಮ," ಎಂದೆ. ವಾಪಸು ಕಳಿಸುವುದಿಲ್ಲವೆಂದು ನನಗೆ ಆಗಲೇ ಗೊತ್ತಿತ್ತು.

ನಿನ್ನ ಕೈ ಸುಟ್ಟದ್ದು ಆ ರಜೆಯಲ್ಲೇ. ಒಂದು ಬೆಳಿಗ್ಗೆ ನಾನು ನೆಲದ ಮೇಲೆ ಕಂಬಳಿ ಹಾಸಿ ಸೀರೆ ಇಸ್ತ್ರಿ ಮಾಡುತ್ತಿದ್ದೆ. ಕೆಂಡ ತುಂಬಿದ ಪೆಟ್ಟಿಗೆ. ಹಾಲಿನವಳು ಬಾಗಿಲಿಗೆ ಬಂದಳು, ಎದ್ದು ಹೋದೆ. ಹಾಲು ಹಾಕಿಸಿಕೊಂಡು ಬಂದುಬಿಡಬಹುದಿತ್ತು. ಅವಳ ಸೊಸೆಯ ಜಗಳದ ಕಥೆ ಕೇಳುತ್ತ ನಿಂತೆ. ಒಳಗಿಂದ ನಿನ್ನ ಚೀರಾಟ ಕೇಳಿ ಓಡಿ ಬಂದರೆ — ನೀನು ನಿನ್ನ ಲಂಗವನ್ನು ಕಂಬಳಿಯ ಮೇಲೆ ಹರವಿದ್ದೆ. ಬಲಗೈಯಲ್ಲಿ ಪೆಟ್ಟಿಗೆ ಎಳೆಯಲು ಹೋಗಿ ಅದು ಎಡಗೈಯ ಮೇಲೆ ಉರುಳಿತ್ತು. ಅಳುವಿನ ನಡುವೆ ನೀನು ಹೇಳಿದ್ದು ಒಂದೇ ಮಾತು: "ಅಮ್ಮನ ಆಟ ಆಡ್ತಿದ್ದೆ."

ನಿನಗೆ ಅಮ್ಮ ಬೇಕಾಗಿದ್ದಳು, ಗಿರಿಜಾ. ಅಮ್ಮ ಮಾಡುವ ಕೆಲಸ ಮಾಡುತ್ತ ಅವಳನ್ನು ಹತ್ತಿರ ಕರೆದುಕೊಳ್ಳುತ್ತಿದ್ದೆ.

ಆಸ್ಪತ್ರೆಗೆ ಹೋಗಬೇಕಿತ್ತು. ಹೋಗಲು ಸೀರೆಯನ್ನೂ ಸರಿಮಾಡಿಕೊಂಡೆ. ಅಷ್ಟರಲ್ಲಿ ಮಹೇಶ ಬಂದ. "ಬ್ಯಾಡಕ್ಕ, ಅಲ್ಲಿ ಬರ್ಕೋತಾರೆ. ನಮ್ಮ ಮನೇಲಿ ಸುಟ್ಕಂತು ಅಂತ ಆದ್ರೆ ಕೇಸು ಕೆಡ್ತೈತೆ," ಎಂದ. ನಾನು ಲೋಳೆಸರದ ತಿರುಳು ಹಚ್ಚಿ ಬಟ್ಟೆ ಕಟ್ಟಿದೆ. ಕೀವಾಯಿತು. ಆಗಲೂ ಹೋಗಲಿಲ್ಲ. ನಿನ್ನ ಕಿರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲವಲ್ಲ, ಅದು ಇಸ್ತ್ರಿಪೆಟ್ಟಿಗೆಯ ಕೆಲಸ ಅಲ್ಲ. ನನ್ನದು.

ಶಾಲೆ ಶುರುವಾಗುವ ಹೊತ್ತಿಗೆ ಕೊಟ್ರಮ್ಮ ಬಂದಳು. ಮಹೇಶ ನನ್ನ ಮನೆಯ ಬಾಗಿಲಿಗೆ ಅಡ್ಡ ನಿಂತ. "ಮಗು ಇನ್ನು ಇಲ್ಲೇ ಇರ್ತೈತೆ. ಏನಿದ್ರೂ ಕೋರ್ಟ್ನಾಗೆ ಕೇಳ್ಕ ಹೋಗು. ಕೋರ್ಟು ಅಂದ್ರೆ ನಿನಗೆ ಬಲು ಇಷ್ಟ ಅಲ್ಲೇನು?" ಎಂದ. ಅವಳು ಬೀದಿಯಲ್ಲಿ ನಿಂತು ನನ್ನನ್ನು ಕರೆದಳು. "ಅಕ್ಕಾ, ಹೊರಗೆ ಬರ್ರಿ. ನಿಮ್ಮ ಬಾಯಲ್ಲಿ ಹೇಳ್ರಿ ಅಕ್ಕಾ." ನಾನು ಒಳಗಿದ್ದೆ. ನೀನು ಬಟ್ಟೆ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ನಿದ್ದೆ ಮಾಡುತ್ತಿದ್ದೆ. ನಾನು ಎದ್ದು ಕಿಟಕಿ ಮುಚ್ಚಿದೆ.

ಆಮೇಲೆ ಶಿವಮೊಗ್ಗದ ಜಿಲ್ಲಾ ಕೋರ್ಟು. ಮಗುವನ್ನು ತನಗೆ ಕೊಡಿಸಬೇಕೆಂದು ಅವಳ ಅರ್ಜಿ. ವಾಯಿದೆ ಮೇಲೆ ವಾಯಿದೆ. ಒಂದು ಸಲ ಜಡ್ಜ್ ಸಾಹೇಬರು ರಜೆ, ಇನ್ನೊಂದು ಸಲ ನಮ್ಮ ವಕೀಲರಿಗೆ ಹೊಟ್ಟೆನೋವು — ಆ ಹೊಟ್ಟೆನೋವು ಯಾವಾಗ ಬರಬೇಕೆಂದು ಮಹೇಶನಿಗೆ ಹಿಂದಿನ ದಿನವೇ ಗೊತ್ತಿರುತ್ತಿತ್ತು. ಅವಳು ಪ್ರತಿ ಸಲ ಜಗಳೂರಿನಿಂದ ದಾವಣಗೆರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ ಬಸ್ಸು ಬದಲಿಸಿ ಬಂದು, ಮುಂದಿನ ತಾರೀಖು ಕೇಳಿಕೊಂಡು ಹಾಗೇ ಹೋಗುತ್ತಿದ್ದಳು. ಕಾನೂನು ಕುರುಡು ಎನ್ನುತ್ತಾರೆ. ನಾನು ನೋಡಿದ ಕಾನೂನಿಗೆ ಕಣ್ಣು ಚೆನ್ನಾಗೇ ಇತ್ತು. ಅದಕ್ಕಿದ್ದದ್ದು ಸೋಮಾರಿತನ.

ನಮ್ಮ ವಕೀಲರಿಗೆ ಒಂದೇ ಚಿಂತೆ. ತಂದೆಯ ಹಕ್ಕು ಒಂದೇ ಸಾಲದಂತೆ. ಮಗುವಿನ ಹಿತ ಎಲ್ಲಿದೆ ಎಂದು ಸಾಹೇಬರು ನೋಡುತ್ತಾರಂತೆ, ಮಗುವನ್ನೇ ಕೇಳಿದರೂ ಕೇಳಬಹುದಂತೆ. "ಆಕೆ ಹತ್ರ ಮಗೂಗೆ ಏನೋ ಹಿಂಸೆ ಆಗೇತಿ ಅಂತ ತೋರಿಸ್ಬೇಕಿತ್ತು ನೋಡ್ರಿ," ಎಂದು ಅವರು ಪೆನ್ನಿನ ತುದಿ ಕಚ್ಚಿದರು. ಆಗ ನಾನು — ಅವರಲ್ಲ, ಮಹೇಶನಲ್ಲ, ನಾನು — ಹೇಳಿದೆ: "ಮಗೂನ ಕೈ ಮೇಲೆ ಕಲೆ ಐತೆ. ಆಕೆ ಮನೇಲೂ ಇಸ್ತ್ರಿಪೆಟ್ಟಿಗೆ ಐತೆ."

ಎಷ್ಟು ಸರಾಗವಾಗಿ ಬಂತು ಆ ಮಾತು. ಎಲ್ಲಿಂದ ಬಂತು? ಇಷ್ಟು ವರ್ಷ ಹುಡುಕುತ್ತಿದ್ದೇನೆ. ನನ್ನೊಳಗಿಂದಲೇ ಬಂತು, ಇನ್ನೆಲ್ಲಿಂದ?

ಕಟಕಟೆ ಹತ್ತಿ, ಮಗು ನಮ್ಮ ಮನೆಗೆ ಬರುವಾಗಲೇ ಕೈ ಸುಟ್ಟಿತ್ತು ಎಂದೆ. ತಾಯಿ ಸಿಟ್ಟಿನಲ್ಲಿ ಸುಟ್ಟಳಂತೆ, ಮಗುವೇ ಹೇಳಿತು ಎಂದೆ. ನಿನ್ನಮ್ಮ ಕುಳಿತಲ್ಲಿಂದ ಎದ್ದು ಕೂಗಿದಳು: "ನಮ್ಮನೇಯಿಂದ ಹೋಗುವಾಗ ಕೈ ನೆಟ್ಟಗಿತ್ತು ಸಾಮಿ! ನಾನೇ ಬಳೆ ತೊಡಿಸಿ ಕಳಿಸೀನಿ!" ಸುಮ್ಮನೆ ಕೂರಬೇಕೆಂದು ಸಾಹೇಬರು ಗದರಿದರು. ಅವಳ ವಕೀಲರು ನನ್ನನ್ನು ಕೇಳಿದರು — ಹಾಗಾದರೆ ಮಗುವನ್ನು ಆಸ್ಪತ್ರೆಗೆ ಯಾಕೆ ತೋರಿಸಲಿಲ್ಲ? ನಾನು ಸೆರಗು ಹೊದ್ದುಕೊಂಡು ತಗ್ಗಿದ ದನಿಯಲ್ಲಿ ಹೇಳಿದೆ: "ಹೆತ್ತ ತಾಯಿಯೇ ಹೀಗೆ ಮಾಡಿದ್ದಾಳೆಂದು ಊರಿಗೆಲ್ಲ ತಿಳಿಯುವುದು ಬೇಡವಾಗಿತ್ತು. ಅವಳ ಮರ್ಯಾದೆಯೂ ನಮ್ಮ ಮರ್ಯಾದೆಯೇ ಅಲ್ಲವೇ?"

ಸಾಹೇಬರು ತಲೆಯಾಡಿಸಿ ಬರೆದುಕೊಂಡರು. ಶಾಲೆಯ ಮೇಡಂ, ಖಾದಿ ಸೀರೆ, ತಗ್ಗಿದ ದನಿ — ಯಾರು ನಂಬುವುದಿಲ್ಲ?

ನಿನಗೆ ಕಲಿಸಿದ್ದನ್ನು ಹೇಳುವುದೇ ಎಲ್ಲಕ್ಕಿಂತ ಕಷ್ಟ. ಇನ್‌ಸ್ಪೆಕ್ಟರು ಶಾಲೆಗೆ ಬರುವ ಮುಂಚೆ ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸುತ್ತಿದ್ದೆವಲ್ಲ, ಹಾಗೇ ಮಾಡಿಸಿದೆ. ಸಂಜೆ ನಾನು ಕುರ್ಚಿಯಲ್ಲಿ ಸಾಹೇಬರಂತೆ ಕೂರುವುದು, ನೀನು ಎದುರಿಗೆ ನಿಲ್ಲುವುದು. "ಯಾರ ಹತ್ರ ಇರ್ತೀಯಮ್ಮ?" — "ಅಪ್ಪನ ಹತ್ರ." "ಕೈಗೇನಾಯ್ತು?" — ಇಲ್ಲಿ ನೀನು ಮೊದಮೊದಲು "ಅಮ್ಮನ ಆಟ ಆಡ್ತಿದ್ದೆ" ಎನ್ನುತ್ತಿದ್ದೆ. ನಾನು ತಲೆಯಲ್ಲಾಡಿಸಿ ಮತ್ತೆ ಕೇಳುತ್ತಿದ್ದೆ. ಸರಿಯಾದ ಉತ್ತರ ಬಂದ ದಿನ ಬಾಯಿಗೆ ಪೆಪ್ಪರಮಿಂಟು. ಕ್ರಮೇಣ "ಅಮ್ಮ ಸುಟ್ಲು" ಎಂಬುದು ತಡವರಿಸದೆ ಬರತೊಡಗಿತು. ಒಳ್ಳೆಯ ವಿದ್ಯಾರ್ಥಿನಿ ನೀನು. ಹೇಳಿ ಹೇಳಿ ಅದು ನಿನಗೆ ನೆನಪಾಗಿಯೇ ಕೂತುಬಿಟ್ಟಿತು. ಮೊನ್ನೆ ಮೊನ್ನೆ ನಿನ್ನ ಗೆಳತಿಗೆ ಹೇಳುತ್ತಿದ್ದೆಯಲ್ಲ — ಆಯಮ್ಮ ಹಲ್ಲು ಕಚ್ಚಿಕೊಂಡು ಕೈ ಹಿಡಿದು ಇಸ್ತ್ರಿಪೆಟ್ಟಿಗೆ ಒತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ ಎಂದು. ನಡೆಯದೇ ಇದ್ದದ್ದು ನಿನ್ನ ಕಣ್ಣಿಗೆ ಕಟ್ಟಿದೆ, ಗಿರಿಜಾ. ನಾನು ಕಟ್ಟಿದ್ದು.

ಸಾಹೇಬರು ನಿನ್ನನ್ನು ಒಬ್ಬಳನ್ನೇ ತಮ್ಮ ಕೋಣೆಗೆ ಕರೆಸಿಕೊಂಡರು. ಹೊರಗೆ ಓಣಿಯಂಥ ಜಗುಲಿಯಲ್ಲಿ ನಾನು ಒಂದು ಕಡೆ, ನಿನ್ನಮ್ಮ ಇನ್ನೊಂದು ಕಡೆ. ಬಾಗಿಲು ತೆರೆಯಿತು. ನೀನು ಹೊಸ ಫ್ರಾಕಿನಲ್ಲಿ ನನ್ನ ಕಡೆಗೆ ಓಡಿ ಬಂದು, ಮುಖವೆತ್ತಿ, ಎಲ್ಲರಿಗೂ ಕೇಳುವಂತೆ ಕೇಳಿದೆ:

"ಸರಿ ಹೇಳಿದ್ನಾ ಅತ್ತೆ?"

ನಾನು ನಿನ್ನ ಬಾಯಿ ಮುಚ್ಚಲು ಕೈ ಎತ್ತಿದೆ. ಕೊಟ್ರಮ್ಮ ನನ್ನನ್ನೇ ನೋಡುತ್ತಿದ್ದಳು. ಅಳಲಿಲ್ಲ, ಕೂಗಲಿಲ್ಲ.

"ಪಾಠ ಚೆನ್ನಾಗಿ ಕಲಿಸೀರಿ ಅಕ್ಕ," ಎಂದಳು.

ಆ ಓಣಿಯಲ್ಲಿ ಜವಾನನಿದ್ದ, ಗುಮಾಸ್ತನಿದ್ದ, ಇಬ್ಬರು ವಕೀಲರಿದ್ದರು. ಮಗುವಿನ ಪ್ರಶ್ನೆ ಎಲ್ಲರ ಕಿವಿಗೂ ಬಿದ್ದಿತ್ತು. ಯಾರೂ ಒಳಗೆ ಹೋಗಿ ಹೇಳಲಿಲ್ಲ. ಮಗು ತಂದೆಯ ವಶದಲ್ಲೇ ಇರಲಿ, ತಿಂಗಳಿಗೊಂದು ಭಾನುವಾರ ತಾಯಿ ಬಂದು ನೋಡಬಹುದು ಎಂದು ಆದೇಶವಾಯಿತು. ತಂದೆಯ ವಶ! ನಿನ್ನಪ್ಪ ಅವತ್ತು ಸಂಜೆಯೇ ನಿನ್ನನ್ನು ನನ್ನ ಮನೆಯಲ್ಲಿ ಬಿಟ್ಟು ಹೊನ್ನಾಳಿಗೆ ಹೋದವನು, ಹಬ್ಬಕ್ಕೋ ಹುಣ್ಣಿಮೆಗೋ ಮುಖ ತೋರಿಸಿದ. ಅವನಿಗೆ ಅಲ್ಲಿ ಗಂಡುಮಕ್ಕಳಾದವು. ಜೀವನಾಂಶದಲ್ಲಿ ಮಗುವಿನ ಪಾಲು ತಪ್ಪಿತು. ಹೆಂಡತಿಗೆ ಕೊಡಬೇಕಾದ್ದನ್ನೂ ಕೊಡದೆ ಸತಾಯಿಸಿದ. ಅವಳು ಒಂದಷ್ಟು ಕಾಲ ಓಡಾಡಿ ಕೈಬಿಟ್ಟಳು.

ಆ ಭಾನುವಾರಗಳು. ಅವಳು ಬರುವ ದಿನ ನಿನಗೆ ಜ್ವರವಿರುತ್ತಿತ್ತು — ನಾನು ಹೇಳುತ್ತಿದ್ದ ಜ್ವರ. ಒಮ್ಮೆ ಅದೇ ದಿನ ನಿನ್ನನ್ನು ಸೂಳೆಕೆರೆಗೆ ಕರೆದುಕೊಂಡು ಹೋದೆ. ಏರಿಯ ಮೇಲೆ ಕೂತು ಬುತ್ತಿ ಬಿಚ್ಚಿದಾಗ ನೀನು ಕೇಳಿದೆ: "ಇವತ್ತು ಅಮ್ಮ ಬರೋ ದಿನ ಅಲ್ವಾ?" "ಬರಲ್ಲಂತೆ," ಎಂದೆ. ನೀನು ಚಿತ್ರಾನ್ನವನ್ನು ಅಗಳು ಅಗಳಾಗಿ ಮೀನುಗಳಿಗೆ ಎಸೆಯುತ್ತ ಕೂತೆ. ಅವಳು ನಮ್ಮ ಜಗಲಿಯ ಮೇಲೆ ಕಡೆಯ ಬಸ್ಸಿನ ತನಕ ಕೂತಿದ್ದಳೆಂದು ಪಕ್ಕದ ಮನೆಯವರು ಆಮೇಲೆ ಹೇಳಿದರು. ಒಂದು ಲಂಗ ಬಿಟ್ಟು ಹೋಗಿದ್ದಳು. ಅಳತೆ ಸಿಗದೆ ಅಂದಾಜಿನ ಮೇಲೆ ಹೊಲಿದದ್ದು, ನಿನಗೆ ಗಿಡ್ಡವಾಗುತ್ತಿತ್ತು. ಶಾಲೆಯ ಬೇರೊಂದು ಹುಡುಗಿಗೆ ಕೊಟ್ಟುಬಿಟ್ಟೆ. ಆ ಹುಡುಗಿ ಅದನ್ನು ತೊಟ್ಟು ಬಂದ ದಿನವೆಲ್ಲ ನಾನು ಅವಳ ಮೇಲೆ ರೇಗುತ್ತಿದ್ದೆ, ಕಾರಣವಿಲ್ಲದೆ.

ಕೊನೆಯ ಸಲ ಅವಳು ಬಂದಾಗ ತಪ್ಪಿಸಲಾಗಲಿಲ್ಲ. ನೀನು ನನ್ನ ಸೆರಗಿನ ಹಿಂದೆ ಅವಿತು, ಎಡಗೈಯನ್ನು ಬೆನ್ನ ಹಿಂದೆ ಮುಚ್ಚಿಕೊಂಡೆ. "ಬರಬೇಡ, ಸುಡ್ತೀಯ," ಎಂದೆ. ಅವಳು ಅಂಗಳದಲ್ಲೇ ನಿಂತಳು. ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ.

"ನನ್ನ ಕಂಡ್ರೆ ಹೆದರ್ತಾಳೆ. ನಾನು ಬಂದು ಬಂದು ಮಗೂನ ಹೆದರಿಸೋದು ಬ್ಯಾಡ," ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿ ತಿರುಗಿದಳು. ಅದಾದ ಮೇಲೆ ಬರಲಿಲ್ಲ. ನೀನು ಕೇಳಿದಾಗ 'ಬಿಟ್ಟು ಹೋದಳು' ಎಂದೆ.

ಆಮೇಲೆ ಊರೆಲ್ಲ ನನ್ನನ್ನು ಹೊಗಳಿತು. ತಮ್ಮನ ಮಗಳನ್ನು ಹೆತ್ತ ಮಗಳಂತೆ ಸಾಕಿದ ಪುಣ್ಯವಂತೆ, ತ್ಯಾಗಮಯಿ. ಯಾರಾದರೂ ಆ ಮಾತೆತ್ತಿದರೆ ನಾನು ಸಿಡುಕುತ್ತಿದ್ದೆನಲ್ಲ, ನೀನು ಅದನ್ನು ವಿನಯ ಎಂದುಕೊಂಡೆ. ವಿನಯವೂ ಅಲ್ಲ, ಮಣ್ಣೂ ಅಲ್ಲ. ಸಾಕಾಗಿತ್ತು ನನಗೆ.

ಹೋದ ತಿಂಗಳು ಚನ್ನಗಿರಿಯಿಂದ ಗಂಡಿನ ಕಡೆಯವರು ನಿನ್ನನ್ನು ನೋಡಲು ಬಂದರಲ್ಲ. ಹುಡುಗನ ತಾಯಿ, "ತಾಯಿ ಎಲ್ಲಿ ಕಾಣ್ಸಂಗಿಲ್ಲ?" ಎಂದು ಕೇಳಿದರು. ಮಹೇಶ ಕಣ್ಣು ಮಿಟುಕಿಸದೆ, "ತೀರ್ಕಂಡು ಬಾಳ ವರ್ಷ ಆತ್ರೀ," ಎಂದ. ನಾನು ನಿನ್ನ ಮುಖ ನೋಡಿದೆ. ನೀನು ತಟ್ಟೆಯಲ್ಲಿದ್ದ ಬಾಳೆಹಣ್ಣು ಸರಿಮಾಡುತ್ತ, "ಹೌದ್ರಿ, ನಾನು ಸಣ್ಣೋಳಿದ್ದಾಗ," ಎಂದೆ. ಬದುಕಿರುವ ತಾಯಿಯನ್ನು ಅಷ್ಟು ಸಲೀಸಾಗಿ — ಬೈಯಲೆಂದು ಬಾಯಿ ತೆರೆದೆ. ಬೈಯುವುದಕ್ಕೆ ನನಗೆ ಯಾವ ಮುಖವಿತ್ತು? ಆ ಹೆಂಗಸು ನನ್ನ ಕೈ ಹಿಡಿದು, "ನಿಮ್ಮಂಥೋರು ಸಿಗಾಕೆ ಈ ಹುಡುಗಿ ಪುಣ್ಯ ಮಾಡಿರ್ಬೇಕು," ಎಂದರು. ನಾನು ಕೈ ಕಿತ್ತುಕೊಂಡು ಅಡುಗೆಮನೆಗೆ ಹೋದೆ. ಅವರು ಹೋಗುವವರೆಗೂ ಹೊರಗೆ ಬರಲಿಲ್ಲ. ತಲೆನೋವೆಂದು ನಿನಗೆ ಹೇಳಿದ್ದೂ ಸುಳ್ಳು.

ಮರುವಾರ ಶಿವಮೊಗ್ಗಕ್ಕೆ ಹೋಗಿ ಒಬ್ಬ ವಕೀಲರನ್ನು ಕಂಡೆ. ಹಿಂದೆ ಸುಳ್ಳು ಸಾಕ್ಷಿ ಹೇಳಿದ್ದೇನೆ, ಈಗ ನಿಜ ಹೇಳಬೇಕು, ಎಲ್ಲಿ ಹೇಳಲಿ ಎಂದೆ. ಅವರು ನನ್ನ ತಲೆ ಸರಿಯಿದೆಯೋ ಇಲ್ಲವೋ ಎಂಬಂತೆ ನೋಡಿದರು. "ಮಗೂಗೆ ಹದಿನೆಂಟು ತುಂಬೈತಾ?" ಎಂದರು. ತುಂಬಿದೆ ಎಂದೆ. "ಮತ್ತೆ? ಈಗ ಯಾರ ವಶಾನೂ ಇಲ್ಲ, ಯಾವ ಕೇಸೂ ಇಲ್ಲ. ಸುಮ್ನೆ ಮನೇಗೆ ಹೋಗ್ರಿ ಮೇಡಂ." ಅಂದು ಕೋರ್ಟಿನಲ್ಲಿ ನನ್ನ ಸುಳ್ಳನ್ನು ಅಷ್ಟು ಅಚ್ಚುಕಟ್ಟಾಗಿ ಬರೆದುಕೊಂಡಿದ್ದರು. ನಿಜ ಹೇಳುತ್ತೇನೆಂದರೆ ಕೂರಲು ಕುರ್ಚಿಯನ್ನೂ ತೋರಿಸಲಿಲ್ಲ.

ಅಲ್ಲಿಂದ ಜಗಳೂರಿಗೆ ಹೋದೆ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳದೊಂದು ಸಣ್ಣ ಹೊಲಿಗೆ ಅಂಗಡಿ. ಕೂದಲು ನರೆತಿದೆ, ಕನ್ನಡಕ ಬಂದಿದೆ. ನನ್ನನ್ನು ನೋಡಿದಳು, ಯಂತ್ರ ನಿಲ್ಲಿಸಲಿಲ್ಲ.

"ಯಾಕೆ ಬಂದ್ರಿ?"

"ತಪ್ಪಾಯ್ತು ಅಂತ ಹೇಳಾಕೆ ಬಂದೆ ಕೊಟ್ರಮ್ಮ."

"ನನ್ನ ಹತ್ರ ಏನು ಹೇಳ್ತೀರಿ? ನನಗೆ ಗೊತ್ತಿಲ್ಲದ್ದು ಏನೈತೆ ಅದ್ರಾಗೆ? ಮಗೂನ ಕೈ ಎಲ್ಲಿ ಸುಡ್ತು ಅಂತ ನನಗೆ ಕೋರ್ಟ್ನಾಗೇ ಗೊತ್ತಾತು. ಗೊತ್ತಿಲ್ದೇ ಇರೋದು ಅವ್ಳಿಗೆ. ಇಲ್ಲಿಗೆ ಬಂದು, ಒಂದಿಷ್ಟು ಅತ್ತು, ಹಗುರಾಗಿ ಬಸ್ಸು ಹತ್ತಾಕೆ ನೋಡಬ್ಯಾಡ್ರಿ."

ನಾನು ಅಳುತ್ತಿದ್ದುದು ನಿಜ. ಸೆರಗಿನಿಂದ ಕಣ್ಣೊರೆಸಿಕೊಂಡೆ. ನಾಚಿಕೆಯಾಯಿತು. ಅವಳು ಬಟ್ಟೆಯ ಅಂಚು ಮಡಿಚಿ ಹೊಲಿಗೆ ಮುಗಿಸಿ, ದಾರ ಕತ್ತರಿಸಿದಳು. ಆಮೇಲೆ, ನನ್ನ ಮುಖ ನೋಡದೆ ಕೇಳಿದಳು:

"ಕೈ ಮಡಚಾಕೆ ಬರ್ತೈತಾ ಅವ್ಳಿಗೆ?"

"ಕಿರುಬೆರಳು ಪೂರ್ತಿ ಮಡಚಲ್ಲ. ಉಳಿದದ್ದು ಸರಿ ಐತೆ."

"ಬರೆಯಾಕೆ?"

"ಬಲಗೈಯಲ್ಲಿ ಬರೀತಾಳೆ. ಅಕ್ಷರ ಚೆನ್ನಾಗೈತೆ."

ಅವಳು ಇನ್ನೊಂದು ಬಟ್ಟೆ ಎತ್ತಿ ಯಂತ್ರಕ್ಕೆ ಕೊಟ್ಟಳು. "ಇನ್ನು ಹೋಗ್ರಿ," ಎಂದಳು.

ಇಷ್ಟೇ. ನನ್ನನ್ನು ಕ್ಷಮಿಸು ಎಂದು ನಾನು ಕೇಳುವುದಿಲ್ಲ. ಹಾಗೆ ಕೇಳಿ ನಿನ್ನ ಹೆಗಲಿಗೆ ಇನ್ನೊಂದು ಹೊರೆ ಹೊರಿಸುವ ಅಧಿಕಾರ ನನಗಿಲ್ಲ. ನಿನ್ನನ್ನು ಪ್ರೀತಿಸಿದ್ದು ನಿಜ. ಆ ಪ್ರೀತಿ ಕದ್ದ ಮಾಲಿನ ಮೇಲೆ ಇಟ್ಟ ಪ್ರೀತಿ. ಎರಡೂ ನಿಜ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಭಾನುವಾರ ಚನ್ನಗಿರಿಯವರು ಮಾತುಕತೆಗೆ ಬರುತ್ತಾರೆ. ಹುಡುಗಿಯ ತಾಯಿ ಜಗಳೂರಿನಲ್ಲಿ ಬದುಕಿದ್ದಾರೆ, ಅವರನ್ನು ದೂರ ಮಾಡಿದವಳು ನಾನು ಎಂದು ಎಲ್ಲರ ಎದುರಿಗೂ ಹೇಳುತ್ತೇನೆ. ಮಹೇಶ ಕೂಗಾಡುತ್ತಾನೆ, ಕೂಗಾಡಲಿ. ಸಂಬಂಧ ಮುರಿದರೂ ಮುರಿಯಬಹುದು. ಅದರ ಸಿಟ್ಟನ್ನೂ ನನ್ನ ಮೇಲೆಯೇ ತೀರಿಸಿಕೋ. 'ಬೇಡ, ನಾನೇ ಹೇಳುತ್ತೇನೆ' ಎಂದು ನೀನು ಎನ್ನುವೆಯಾದರೆ ಅದೂ ನಿನ್ನಿಷ್ಟ. ಆ ಸುಳ್ಳಿಗೆ ಮಾತ್ರ ನಾನು ಇನ್ನು ತಲೆಯಾಡಿಸುವುದಿಲ್ಲ.

ಜಗಳೂರಿಗೆ ಹೋಗಬೇಕೆನಿಸಿದರೆ ದಾವಣಗೆರೆಯಲ್ಲಿ ಬಸ್ಸು ಬದಲಿಸು. ಇಳಿದು ಟೈಲರ್ ಕೊಟ್ರಮ್ಮ ಎಂದರೆ ಯಾರಾದರೂ ತೋರಿಸುತ್ತಾರೆ. ಅವಳು ಮೊದಲು ಮಾತಾಡದೆ ಇರಬಹುದು, ಎದ್ದು ಬರಬೇಡ. ನಾನು ಜೊತೆಗೆ ಬರುವುದಿಲ್ಲ. ನಿಮ್ಮಿಬ್ಬರ ನಡುವೆ ನಾನು ಇದ್ದದ್ದು ಸಾಕು.